ಏಳು ಪಾಯಿಂಟ್ ಮೂರರ ಚೀಟಿ

ಆರೋಗ್ಯ ಕೇಂದ್ರದ ತೂಕದ ಕೋಣೆಯಲ್ಲಿ ಗೋಡೆಗೆ ಒರಗಿಸಿದ ಉದ್ದನೆಯ ಬೆಂಚು, ಬೆಂಚಿನ ಮೇಲೆ ಎಂಟು ತಾಯಂದಿರು, ಎಂಟು ಮಡಿಲುಗಳಲ್ಲಿ ಎಂಟು ಬಗೆಯ ಅಳು. ಚೀಟಿ ಅಕ್ಕ ಕೊನೆಯಿಂದ ಎರಡನೆಯವಳು. ಬೆಳಿಗ್ಗೆ ಎದ್ದಾಗಿನಿಂದ ಅವಳ ತಲೆಯಲ್ಲಿ ಒಂದೇ ಅಂಕಿ ಕುಣಿಯುತ್ತಿತ್ತು: ಆರು. ಹೋದ ತಿಂಗಳು ಮಗಳ ತೂಕ ಸರಿಯಾಗಿ ಐದೂವರೆ ಕಿಲೋ. ತಿಂಗಳಿಗೆ ಅರ್ಧ ಕಿಲೋದಷ್ಟು ಏರಬೇಕು ಅಂತ ಸಿಸ್ಟರ್ ಹೇಳಿದ್ದರು. ಹಾಗಾದರೆ ಆರು. ಆರಾಗದಿದ್ದರೂ ಐದು ಮುಕ್ಕಾಲಾದರೂ ಆಗಲಿ. ಐದು ಮುಕ್ಕಾಲಿಗೆ ಯಾರೂ ಬೈಯುವುದಿಲ್ಲ.

ಸರದಿ ಬಂತು. ಸಿಸ್ಟರ್ ಯಂತ್ರದ ತಟ್ಟೆಯ ಮೇಲೆ ಮಡಿಚಿದ ದಪ್ಪ ಟವೆಲ್ ಹಾಸಿ, ಅದರ ತೂಕ ಲೆಕ್ಕಕ್ಕೆ ಬಾರದಿರಲಿ ಎಂದು ಸೊನ್ನೆ ಗುಂಡಿ ಒತ್ತಿದರು. ಒಂದು ಸಲ ಅಲ್ಲ, ಎರಡು ಸಲ. ಟಕ್, ಟಕ್. ಬಾಗಿಲು ಹಾಕಿದ ಮೇಲೆ ಚಿಲಕ ಮತ್ತೊಮ್ಮೆ ಮುಟ್ಟಿ ನೋಡುವವರ ಹಾಗೆ.

"ಮಲಗಿಸಿ."

ಬೆತ್ತಲೆ ಮಗಳು ಟವೆಲಿನ ಮೇಲೆ ಕೈಕಾಲು ಬಡಿದಳು. ಪರದೆಯ ಮೇಲೆ ಅಂಕಿಗಳು ಓಡಿ ಓಡಿ ನಿಂತವು. ಐದು ಪಾಯಿಂಟ್ ಆರು ಎರಡು.

"ಐದು ಆರುನೂರ ಇಪ್ಪತ್ತು," ಎಂದು ಓದಿ ಸಿಸ್ಟರ್ ಕಾರ್ಡು ತಿರುಗಿಸಿದರು. "ಒಂದು ತಿಂಗಳಿಗೆ ಬರೀ ನೂರಿಪ್ಪತ್ತು ಗ್ರಾಂ? ಏನಮ್ಮ, ಹಾಲು ಸಾಲ್ತಿಲ್ವಾ?"

ಸುತ್ತಲಿನ ಏಳು ತಾಯಂದಿರ ತಲೆ ಒಟ್ಟಿಗೆ ಎದ್ದಿತು. ಚೀಟಿ ಅಕ್ಕ ಮಗಳನ್ನು ಎತ್ತಿಕೊಂಡಳು. "ಕುಡೀತಾಳೆ ಸಿಸ್ಟರ್. ಚೆನ್ನಾಗೇ ಕುಡೀತಾಳೆ."

"ಕುಡಿದಿದ್ರೆ ಮೈಗೆ ಹತ್ತಬೇಕಲ್ಲ? ಇನ್ನು ಮೇಲೆ ಎರಡು ಗಂಟೆಗೊಂದ್ಸಲ ಕುಡಿಸಿ. ನಿದ್ದೆ ಮಾಡ್ತಿದ್ರೂ ಎಬ್ಬಿಸಿ ಕುಡಿಸಿ. ಮುಂದಿನ ಗುರುವಾರ ಮತ್ತೆ ತನ್ನಿ. ಏರದೇ ಇದ್ರೆ ದೊಡ್ಡಾಸ್ಪತ್ರೆಗೆ ಬರ್ಕೊಡ್ತೀನಿ, ಅಡ್ಮಿಟ್ ಮಾಡ್ಕೊಂಡು ನೋಡ್ಲಿ."

ಅಡ್ಮಿಟ್. ಆ ಮಾತು ಕಿವಿಗೆ ಬಿದ್ದ ಮೇಲೆ ಸಿಸ್ಟರ್ ಹೇಳಿದ್ದರಲ್ಲಿ ಬೇರೇನೂ ಅವಳಿಗೆ ಕೇಳಿಸಲಿಲ್ಲ. ಮಗುವಿಗೆ ಅಂಗಿ ಹಾಕಲು ಹೋದರೆ ತೋಳು ಸಿಗಲಿಲ್ಲ. ತೋಳು ಸಿಕ್ಕಿದರೆ ಕೈ ಸಿಗಲಿಲ್ಲ. ಅಷ್ಟರಲ್ಲಿ ಸಿಸ್ಟರ್ ಯಂತ್ರವನ್ನೊಮ್ಮೆ ಆರಿಸಿ ಮತ್ತೆ ಹಚ್ಚಿದರು. ಹೊಸ ಯಂತ್ರ, ಕೇಂದ್ರಕ್ಕೆ ಬಂದು ಮೂರು ವಾರವಾಗಿತ್ತಷ್ಟೆ. ಹೋದ ತಿಂಗಳು ಹಳೆಯದರಲ್ಲಿ ತೂಗಿದ್ದರು. ಹಚ್ಚಿದೊಡನೆ ಪರದೆಯ ಮೇಲೆ ಕ್ಷಣ ಹೊತ್ತು ಒಂದು ಅಂಕಿ ಮಿಂಚಿ ಮಾಯವಾಯಿತು. ಬೇರೆಯವರಿಗೆ ಅದು ಕಣ್ಣಿಗೂ ಬೀಳುವಂಥದ್ದಲ್ಲ. ಚೀಟಿ ಅಕ್ಕನಿಗೆ ಮಾತ್ರ ಜನಜಂಗುಳಿಯಲ್ಲಿ ಯಾರೋ ತನ್ನ ಹೆಸರು ಹಿಡಿದು ಕೂಗಿದಂತಾಯಿತು.

ಏಳು ಪಾಯಿಂಟ್ ಮೂರು.

ಆ ಚೀಟಿ ಅಂಟಿಸಿದ್ದು ಅವಳೇ.

ಅವಳು ಕೆಲಸ ಮಾಡುವ ಕಂಪನಿ ತೂಕದ ಯಂತ್ರಗಳ ಒಳಗಿನ ಕೋಡ್ ಬರೆಯುತ್ತದೆ. ಯಂತ್ರ ತಯಾರಾಗುವುದು ಬೇರೆ ಊರಿನ ಕಾರ್ಖಾನೆಯಲ್ಲಿ. ಇಲ್ಲಿರುವುದು ಎರಡನೆಯ ಮಹಡಿಯ ಒಂದು ಉದ್ದ ಕೋಣೆ, ಹನ್ನೆರಡು ಮೇಜು, ಕಿಟಕಿಯ ಪಕ್ಕ ಸದಾ ಗುಂಯ್‌ಗುಡುವ ಎರಡು ಬಿಲ್ಡ್ ಯಂತ್ರಗಳು. ಬರೆದ ಕೋಡನ್ನು ಒಟ್ಟುಗೂಡಿಸಿ, ತೂಕದ ಯಂತ್ರಕ್ಕೆ ತುಂಬುವ ಹಾಗೆ ಕಟ್ಟಿಕೊಡುವುದು ಆ ಎರಡರ ಕೆಲಸ. ಯಾವುದು ಬಿಡುವಾಗಿದೆಯೋ ಅದು ಕಟ್ಟುತ್ತದೆ. ತಂಡಗಳು ಮೂರು: ಅಂಗಡಿ ತಕ್ಕಡಿಯವರು, ಪಾರ್ಸೆಲ್ ತಕ್ಕಡಿಯವರು, ಮಗು ತಕ್ಕಡಿಯವರು. ತೂಗುವ ಲೆಕ್ಕ ಮೂವರಿಗೂ ಒಂದೇ ಆದ್ದರಿಂದ ಆ ಪಾಲಿನ ಕೋಡನ್ನು ಬೇರೆಯಾಗಿ, ಎಲ್ಲರಿಗೂ ಸೇರಿದ್ದೆಂದು ಇಟ್ಟಿದ್ದರು. ಅದಕ್ಕೆ 'ಕಾಮನ್' ಎಂದು ಹೆಸರು. ಕೂಡುಕುಟುಂಬದ ಬಚ್ಚಲು ಮನೆ ಇದ್ದ ಹಾಗೆ. ಬಳಸುವವರು ಎಲ್ಲರೂ, ತೊಳೆಯುವವಳು ಒಬ್ಬಳು. ತೊಳೆಯುವವಳು ಇವಳು.

ಕಾಮನ್ ದಿನದಿನಕ್ಕೂ ಬದಲಾಗುತ್ತದೆ. ಇವತ್ತು ಒಬ್ಬ ಒಂದು ಸಾಲು ಸೇರಿಸುತ್ತಾನೆ, ನಾಳೆ ಇನ್ನೊಬ್ಬ ಎರಡು ಸಾಲು ಕೀಳುತ್ತಾನೆ. ಅದಕ್ಕೇ ಆಗೀಗ, ಎಲ್ಲ ಸರಿಯಿದೆ ಎನ್ನಿಸಿದ ದಿನ, ಕೋಡ್ ಇದ್ದದ್ದು ಇದ್ದ ಹಾಗೇ ಒಂದು ಪಟ ಹಿಡಿದಿಟ್ಟು ಅದಕ್ಕೊಂದು ಅಂಕಿಯ ಟ್ಯಾಗ್, ಅಂದರೆ ಹೆಸರಿನ ಚೀಟಿ, ಅಂಟಿಸುತ್ತಾರೆ. ಆರು ಪಾಯಿಂಟ್ ಎಂಟು, ಆರು ಪಾಯಿಂಟ್ ಒಂಬತ್ತು, ಹೀಗೆ. ಪ್ರತಿ ತಂಡವೂ ತನ್ನ ಕಡತದಲ್ಲಿ 'ನಮಗೆ ಕಾಮನ್‌ನ ಇಂಥ ಟ್ಯಾಗ್ ಬೇಕು' ಎಂದು ಒಂದು ಸಾಲು ಬರೆದುಕೊಳ್ಳುತ್ತದೆ. ಆಮೇಲೆ ಕಾಮನ್‌ನಲ್ಲಿ ಏನು ಹಾರಲಿ ಏನು ಮುಳುಗಲಿ, ಅವರಿಗೆ ಸಿಗುವುದು ಆ ಪಟವೇ. ಎಂಟು ವರ್ಷದಿಂದ ಈ ಟ್ಯಾಗ್ ಅಂಟಿಸುವ ಕೆಲಸ ಇವಳದು. ಅದಕ್ಕೇ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಇವಳು ಚೀಟಿ ಅಕ್ಕ. ಮೇಜಿನ ಮೇಲಿನ ಗೋಡೆಗೆ ಕೆಂಪು ಶಾಯಿಯಲ್ಲಿ ಅವಳೇ ಬರೆದು ಚುಚ್ಚಿದ ಕಾಗದವಿತ್ತು: 'ಅಂಟಿಸಿದ ಚೀಟಿ ಕಿತ್ತು ಬೇರೆ ಕಡೆ ಅಂಟಿಸುವಂತಿಲ್ಲ. ತಪ್ಪಾದರೆ ಹೊಸ ಚೀಟಿ.'

"ಅಕ್ಕ, ನಿಮ್ಮ ಮಗೂಗೂ ಹುಟ್ಟಿದ ದಿನವೇ ಚೀಟಿ ಅಂಟಿಸ್ತೀರೇನೋ," ಎಂದು ತುಂಬು ಬಸುರಿಯನ್ನು ರೇಗಿಸುತ್ತಿದ್ದವನು ಮಗು ತಕ್ಕಡಿಯ ತಂಡದವನು. ಒಂದು ಗ್ರಾಂ ಹೆಚ್ಚುಕಡಿಮೆಯಾದರೂ ಊಟ ಬಿಡುವವನಾದ್ದರಿಂದ ಅವನಿಗೆ ಗ್ರಾಮು ಎಂದೇ ಹೆಸರು.

"ಒಂದು ಪಾಯಿಂಟ್ ಸೊನ್ನೆ ಅಂತ ಅಂಟಿಸ್ತೀನಿ. ಆಮೇಲೆ ಯಾರೂ ತಿದ್ದೋ ಹಾಗಿಲ್ಲ, ನಮ್ಮತ್ತೇನೂ ಸೇರಿ," ಎಂದು ಇವಳು ನಗುತ್ತಿದ್ದಳು.

ಹೆರಿಗೆ ರಜೆಗೆ ಮುಂಚಿನ ಕೊನೆಯ ದಿನದ ಮಾತು. ಹಿಂದಿನ ದಿನವಷ್ಟೇ ಏಳು ಪಾಯಿಂಟ್ ಮೂರು ಅಂಟಿಸಿದ್ದಳು. ಬೆಳಿಗ್ಗೆ ಬಂದು ಮೇಜಿಗೆ ಹೊಟ್ಟೆ ತಾಗದಂತೆ ಓರೆಯಾಗಿ ಕೂತು ಸುಮ್ಮನೆ ಕಣ್ಣಾಡಿಸುತ್ತಿದ್ದಾಗ ಒಂದು ತಪ್ಪು ಸಿಕ್ಕಿತು. ಸೊನ್ನೆ ಗುಂಡಿಯನ್ನು ಬೇಗಬೇಗ ಎರಡು ಸಲ ಒತ್ತಿದರೆ ತಟ್ಟೆಯ ಮೇಲಿನ ಬಟ್ಟೆಯ ತೂಕ ಎರಡು ಸಲ ಕಳೆದುಹೋಗುತ್ತಿತ್ತು. ಕಣ್ಣಿಗೆ ಕಾಣುವ ತಪ್ಪೂ ಅಲ್ಲ. ಸೊನ್ನೆಗಿಂತ ಕೆಳಗಿಳಿದರೂ ಪರದೆ ಸೊನ್ನೆಯನ್ನೇ ತೋರಿಸಲಿ ಎಂದು ಪಾರ್ಸೆಲ್‌ನವರು ಎಂದೋ ಕೇಳಿ ಮಾಡಿಸಿಕೊಂಡಿದ್ದರು. ಕಾಲು ಗಂಟೆಯಲ್ಲಿ ಸರಿಮಾಡಿದಳು. ನಿಯಮದ ಪ್ರಕಾರ ಮುಂದಿನ ಹೆಜ್ಜೆ ಏಳು ಪಾಯಿಂಟ್ ನಾಲ್ಕು. ಆದರೆ ಹೊಸ ಚೀಟಿ ಎಂದರೆ ಮೂರು ತಂಡಗಳ ಸಹಿ, ಪರೀಕ್ಷೆಯ ಕಾಗದ, ಕಾರ್ಖಾನೆಗೆ ಪತ್ರ. ನಾಳೆಯಿಂದ ಅವಳಿಲ್ಲ.

"ಸಾರ್, ಏನ್ ಮಾಡ್ಲಿ?" ಎಂದು ಮೇಲಧಿಕಾರಿಯನ್ನು ಕೇಳಿದಳು.

"ಏಳು ಮೂರನ್ನ ಯಾರಾದ್ರೂ ತಗೊಂಡಿದಾರಾ?"

ಮೂರು ಮೇಜಿಗೂ ಹೋಗಿ ಕೇಳಿದಳು. ಇನ್ನೂ ಇಲ್ಲ, ಇನ್ನೂ ಇಲ್ಲ, ಇನ್ನೂ ಇಲ್ಲ ಅಕ್ಕ.

"ಮತ್ತೇನು? ಯಾರೂ ನೋಡದೇ ಇರೋ ಚೀಟಿ ಅಂಟಿಸಿದ್ರೂ ಒಂದೇ, ಬಿಟ್ರೂ ಒಂದೇ. ಕಿತ್ತು ಸರಿಯಾದ ಕಡೆ ಅಂಟಿಸಿ ಮನೆಗೆ ಹೋಗಮ್ಮ. ಕಾಲು ನೋಡ್ಕೋ, ಹೇಗೆ ಊದಿಕೊಂಡಿದೆ."

ಕಾಲು ನಿಜವಾಗಿಯೂ ಊದಿತ್ತು. ಕೆಳಗೆ ಗಂಡ ಗಾಡಿ ತಂದು ಕಾಯುತ್ತಿದ್ದ. ಕೆಂಪು ಶಾಯಿಯ ಕಾಗದದ ಕೆಳಗೇ ಕೂತು, ಎಂಟು ವರ್ಷದಲ್ಲಿ ಮೊದಲ ಸಲ, ಅವಳು ಅಂಟಿಸಿದ ಚೀಟಿಯನ್ನು ಕಿತ್ತು ತಿದ್ದಿದ ಕೋಡಿನ ಮೇಲೆ ಅಂಟಿಸಿದಳು. ಒಂದೇ ಸಾಲಿನ ಆಜ್ಞೆ, 'ಬಲವಂತವಾಗಿ ಮಾಡು' ಎನ್ನುವ ಒಂದು ಪದ ಸೇರಿಸಿ. ಅರೆ ನಿಮಿಷದ ಕೆಲಸ.

ಮನುಷ್ಯರನ್ನೆಲ್ಲ ಕೇಳಿದ್ದಳು. ಯಂತ್ರಗಳನ್ನು ಕೇಳಿರಲಿಲ್ಲ.

*

ಕೇಂದ್ರದ ವರಾಂಡದಲ್ಲಿ ನಿಂತೇ ಅವಳು ಗ್ರಾಮುಗೆ ಫೋನ್ ಮಾಡಿದಳು.

"ಅಕ್ಕಾ! ಪುಟ್ಟಿ ಹೇಗಿದಾಳೆ?"

"ಅದನ್ನ ನಿನ್ನ ಕೇಳೋಣ ಅಂತಾನೇ ಫೋನ್ ಮಾಡಿದ್ದು."

"ನನ್ನನ್ನಾ?"

ಹೇಳಿದಳು. ಟವೆಲ್, ಟಕ್ ಟಕ್, ನೂರಿಪ್ಪತ್ತು ಗ್ರಾಂ, ಏಳು ಪಾಯಿಂಟ್ ಮೂರು. ಗ್ರಾಮು ನಕ್ಕ. "ಅಯ್ಯೋ ಅಕ್ಕ, ಆ ತಪ್ಪು ನೀವೇ ಸರಿಮಾಡಿ ಹೋದ್ರಲ್ಲ. ನಾವು ಏಳು ಮೂರು ತಗೊಂಡಿದ್ದು ನೀವು ರಜೆ ಹೋಗಿ ವಾರ ಆದ್ಮೇಲೆ. ಸರಿಯಾಗಿರೋದೇ ಬಂದಿರುತ್ತೆ."

"ಎರಡೂ ಬಿಲ್ಡ್ ಯಂತ್ರ ನೋಡಿ ಹೇಳು."

"ಅಕ್ಕ, ಸುಮ್ನೆ..."

"ನೋಡಿ ಹೇಳೋ, ನಿನ್ನ ದಮ್ಮಯ್ಯ."

ಮಗು ಹೆಗಲ ಮೇಲೆ ಅವಳ ಕೂದಲು ಚೀಪುತ್ತಿತ್ತು. ಫೋನಿನಲ್ಲಿ ಕೀಲಿಮಣೆಯ ಸದ್ದು. ಆಮೇಲೆ ಆ ಸದ್ದೂ ನಿಂತಿತು.

"ಅಕ್ಕ. ಎಡಗಡೆಯದರಲ್ಲಿ ಸರಿಯಾದ್ದಿದೆ. ಬಲಗಡೆಯದು... ನೀವು ಮೊದಲ ಸಲ ಅಂಟಿಸಿದ್ರಲ್ಲ, ಅವತ್ತೇ ಅದು ತಾನಾಗೇ ತಂದಿಟ್ಕೊಂಡಿದೆ. ಹಳೇದು ಹಾಗೇ ಇದೆ."

ಅವಳಿಗೆ ಗೊತ್ತಿತ್ತು, ಅವನು ಹೇಳುವ ಮುಂಚೆಯೇ ಗೊತ್ತಿತ್ತು. ಒಮ್ಮೆ ತಂದಿಟ್ಟುಕೊಂಡ ಟ್ಯಾಗನ್ನು ಯಂತ್ರ ಮತ್ತೆ ಕೇಳುವುದಿಲ್ಲ. ಏಳು ಮೂರು ಇದೆಯಾ, ಇದೆ, ಸರಿ. ಅಲ್ಲಿಗೆ ಮುಗಿಯಿತು. ಚೀಟಿ ಎಂದರೆ ನಂಬಿಕೆ ಎಂದು ಅದಕ್ಕೆ ಕಲಿಸಿದವರು ಇವರೇ. ನಾಲ್ಕು ತಿಂಗಳಿಂದ ಎಡಗಡೆಯದು ಕಟ್ಟಿದ್ದೆಲ್ಲ ಸರಿ, ಬಲಗಡೆಯದು ಕಟ್ಟಿದ್ದೆಲ್ಲ ತಪ್ಪು, ಎರಡರ ಹಣೆಯ ಮೇಲೂ ಒಂದೇ ಅಂಕಿ.

"ಈ ಕೇಂದ್ರದ ಯಂತ್ರಕ್ಕೆ ಹೋಗಿದ್ದು ಯಾವುದು ಕಟ್ಟಿದ್ದು?"

"ಅದ್ಹೇಗೆ ಗೊತ್ತಾಗುತ್ತೆ ಅಕ್ಕ? ಯಾವ ಯಂತ್ರ ಕಟ್ಟಿದ್ದು ಅನ್ನೋ ದಾಖಲೆ ಮೂರು ತಿಂಗಳಾದ್ರೆ ತಾನಾಗೇ ಅಳಿಸಿ ಹೋಗುತ್ತೆ. ಕಾರ್ಖಾನೆಯವರ ಹತ್ರ ಇರೋದು ಬರೀ ಅಂಕಿ, ಏಳು ಪಾಯಿಂಟ್ ಮೂರು."

ಪ್ರತಿ ಪಟಕ್ಕೂ ನಲವತ್ತು ಅಕ್ಷರದ ಬೆರಳಚ್ಚು ಒಂದಿರುತ್ತದೆ, ಕೋಡಿನ ಒಂದು ಸಾಲು ಬೇರೆಯಾದರೂ ಬೇರೆಯಾಗುವಂಥದ್ದು. ಅದು ಸುಳ್ಳು ಹೇಳುವುದಿಲ್ಲ. ತೂಕದ ಯಂತ್ರ ಹಚ್ಚಿದಾಗ ಅದನ್ನೇ ತೋರಿಸೋಣ ಎಂದು ಯಾರೋ ಹಿಂದೆ ಹೇಳಿದ್ದರು. ನಲವತ್ತು ಅಕ್ಷರ ಯಾರು ಓದುತ್ತಾರೆ, ಚೀಟಿಯ ಅಂಕಿ ಸಾಕು, ನಾನಿಲ್ಲವೇ ಎಂದವಳು ಇವಳೇ.

ಉಳಿದದ್ದು ಒಂದೇ ದಾರಿ. ಟವೆಲ್ ಹಾಸಿ, ಎರಡು ಸಲ ಒತ್ತಿ, ಒಂದು ಲೀಟರ್ ನೀರಿನ ಬಾಟಲಿ ಇಟ್ಟು ನೋಡುವುದು. ಒಂದು ಕಿಲೋ ತೋರಿಸಿದರೆ ಯಂತ್ರ ಸರಿ. ಮುಕ್ಕಾಲು ತೋರಿಸಿದರೆ ಯಂತ್ರ ತಪ್ಪು, ಮಗಳು ಸರಿ. ಇಂಥ ಟವೆಲ್ ಏನಿಲ್ಲವೆಂದರೂ ಇನ್ನೂರೈವತ್ತು ಗ್ರಾಂ ತೂಗುತ್ತದೆ. ಅದನ್ನು ಸೇರಿಸಿದರೆ ಮಗಳು ಐದು ಎಂಟುನೂರ ಎಪ್ಪತ್ತು. ಅಷ್ಟಿದ್ದರೆ ಯಾರು ಅಡ್ಮಿಟ್ ಎನ್ನುತ್ತಾರೆ? ಅವಳು ಬಾಟಲಿ ಕೈಲಿ ಹಿಡಿದು ತೂಕದ ಕೋಣೆಗೆ ಓಡಿದಳು.

ಬೆಂಚು ಖಾಲಿ. ಮೇಜು ಖಾಲಿ. ಸಿಸ್ಟರ್ ಕೈ ತೊಳೆಯುತ್ತಿದ್ದರು.

"ಯಂತ್ರ ಎಲ್ಲಿ ಸಿಸ್ಟರ್?"

"ವ್ಯಾನಲ್ಲಿ ಹೋಯ್ತಲ್ಲ. ಇರೋದೊಂದೇ ಯಂತ್ರ, ಹೊರಗಿನ ಬಡಾವಣೆಗಳಿಗೂ ಅದೇ. ಗುರುವಾರ ವಾಪಸ್ ಬರುತ್ತೆ."

"ಅದು ತಪ್ಪು ತೋರಿಸ್ತಿರಬಹುದು ಸಿಸ್ಟರ್. ನೀವು ಸೊನ್ನೆ ಗುಂಡಿ ಎರಡು ಸಲ ಒತ್ತಿದ್ರಿ..."

ಸಿಸ್ಟರ್ ಕೈ ಒರೆಸುತ್ತ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಕೋಪದಿಂದ ಅಲ್ಲ, ಇಂಥ ತಾಯಂದಿರನ್ನು ಬೇಕಾದಷ್ಟು ಕಂಡವರ ಸಮಾಧಾನದಿಂದ. "ನೋಡಮ್ಮ, ಮಗು ತೂಕ ಏರದೇ ಇದ್ರೆ ಎಲ್ಲಾ ತಾಯಂದಿರೂ ಮೊದಲು ಬೈಯೋದು ಯಂತ್ರಾನೇ. ಹೋಗಿ, ಹಾಲು ಕುಡಿಸಿ."

*

ಮನೆಯಲ್ಲಿ ಅತ್ತೆ ಮಗುವನ್ನು ಎತ್ತಿ, ಬೆಳಕಿಗೆ ಹಿಡಿದು, ತೊಡೆ ಚಿವುಟಿ ನೋಡಿದರು. "ಗುಂಡುಗುಂಡಗೆ ಇದೆಯಲ್ಲೇ. ನಿಮ್ಮ ಯಂತ್ರ ಹುಟ್ಟೋಕೆ ಮುಂಚೆ ಮಕ್ಕಳು ಬೆಳೀತಿರ್ಲಿಲ್ವಾ?"

"ಕಣ್ಣಲ್ಲಿ ನೋಡಿದ್ರೆ ಗೊತ್ತಾಗಲ್ಲ ಅತ್ತೆ."

"ಯಂತ್ರದಲ್ಲಿ ನೋಡಿದ್ರೂ ಗೊತ್ತಾಗಲ್ಲ ಅಂತ ಈಗ ತಾನೇ ಅಂದೆ!"

ಗಂಡ ಬಚ್ಚಲಿನ ಪಕ್ಕ ಮೂಲೆಯಲ್ಲಿದ್ದ, ದೊಡ್ಡವರು ನಿಲ್ಲುವ ತೂಕದ ಹಲಗೆ ತಂದ. ಮೊದಲು ತಾನೊಬ್ಬನೇ ಹತ್ತಿದ, ಆಮೇಲೆ ಮಗುವನ್ನೆತ್ತಿಕೊಂಡು ಹತ್ತಿದ. ಒಂದರಿಂದ ಇನ್ನೊಂದು ಕಳೆದ. ಐದು ಪಾಯಿಂಟ್ ಮೂರು. ಇನ್ನೊಮ್ಮೆ ಹತ್ತಿದ. ಆರು ಪಾಯಿಂಟ್ ಒಂದು. ಮೂರನೆಯ ಸಲಕ್ಕೆ ಹಲಗೆಯ ಬ್ಯಾಟರಿ ಮುಗಿಯಿತು.

"ಸರಾಸರಿ ತಗೊಂಡ್ರೆ ಐದು ಪಾಯಿಂಟ್ ಏಳು ಕಣೇ. ಚೆನ್ನಾಗೇ ಇದೆ."

"ರೀ, ಮಗು ತೂಕಕ್ಕೆ ಸರಾಸರಿ ತಗೋತಾರಾ?" ಎಂದು ಅವಳು ಅಳುವ ದನಿಯಲ್ಲಿ ಕೂಗಿದಳು. ಆಮೇಲೆ ತಾನು ಬರೆದ ಕೋಡ್ ಮಾಡುವುದೂ ಅದನ್ನೇ ಎಂದು ನೆನಪಾಗಿ ಸುಮ್ಮನಾದಳು.

ಮರುದಿನ ಬೆಳಿಗ್ಗೆ ಬೀದಿಯ ತುದಿಯ ಪಾರ್ಸೆಲ್ ಅಂಗಡಿಯ ನೆನಪಾಯಿತು. ಅಲ್ಲಿನ ತಕ್ಕಡಿಯೂ ಅವರ ಕಂಪನಿಯದೇ, ಹಳೆಯದು, ಆರು ಪಾಯಿಂಟ್ ಎಂಟರದು. ಆ ಪಟವನ್ನು ಅವಳು ಕಣ್ಣು ಮುಚ್ಚಿ ನಂಬಬಲ್ಲಳು. ಮಗುವನ್ನು ಎತ್ತಿಕೊಂಡು ಹೋಗಿ, ರಟ್ಟಿನ ಪೆಟ್ಟಿಗೆಗಳ ಸಾಲಿನಲ್ಲಿ ನಿಂತಳು.

"ಏನು ಕಳಿಸ್ಬೇಕಮ್ಮ?" ಎಂದ ಅಂಗಡಿಯವನು, ತಲೆ ಎತ್ತದೆ.

"ಕಳಿಸೋದೇನಿಲ್ಲ. ಇವಳನ್ನ ಸ್ವಲ್ಪ ತೂಗಿ ಕೊಡ್ತೀರಾ?"

ಅವನು ತಲೆ ಎತ್ತಿದ. ಮಗುವನ್ನು ನೋಡಿದ. "ಒಡೆಯೋ ಸಾಮಾನು ಅಂತ ಬರ್ಕೊಳ್ಳಲಾ?"

ಸಾಲಿನಲ್ಲಿದ್ದವರು ನಕ್ಕರು. ಅವಳೂ ನಗಲು ನೋಡಿದಳು. ತುಟಿ ಮಾತ್ರ ಸ್ವಲ್ಪ ಸರಿಯಿತು. ಅಂಗಡಿಯವನು ಒಳ್ಳೆಯವನು. ತಟ್ಟೆ ಒರೆಸಿ, ಹಳೆಯ ಕಾಗದ ಹಾಸಿಕೊಟ್ಟ. ಮಗಳು ತಟ್ಟೆಯ ಮೇಲೆ ಮಲಗಿ ಛಾವಣಿಯ ಫ್ಯಾನ್ ಕಂಡು ಖುಷಿಯಿಂದ ಎರಡೂ ಕಾಲು ಬಡಿದಳು. ಪರದೆಯ ಮೇಲೆ ಅಂಕಿ ಬರಲಿಲ್ಲ. ಅಡ್ಡಗೆರೆ, ಅಡ್ಡಗೆರೆ, ಅಡ್ಡಗೆರೆ.

"ಕೆಟ್ಟಿದೆಯೇನೋ," ಎಂದ ಅಂಗಡಿಯವನು.

ಕೆಟ್ಟಿರಲಿಲ್ಲ. ತಟ್ಟೆಯ ಮೇಲಿರುವುದು ಅಲ್ಲಾಡುತ್ತಿದ್ದರೆ ಅಂಕಿ ಕೊಡಬೇಡ ಎಂದು ಆರು ಎಂಟರಲ್ಲಿ ಬರೆದವಳು ಅವಳೇ. ಪಾರ್ಸೆಲ್‌ಗಳು ಕಾಲು ಬಡಿಯುವುದಿಲ್ಲ. ಅಲ್ಲಾಡುವ ಮಕ್ಕಳನ್ನು ತೂಗುವ ಲೆಕ್ಕ ಸೇರಿದ್ದು ಏಳರ ನಂತರ.

"ಒಂದು ನಿಮಿಷ ಸುಮ್ನಿರು ಚಿನ್ನ, ಒಂದೇ ಒಂದು ನಿಮಿಷ," ಎಂದು ಮಗುವಿನ ಕಾಲು ಹಿಡಿದಳು. ಹಿಡಿದರೆ ತನ್ನ ಕೈಯ ಭಾರವೂ ಸೇರುತ್ತದೆ, ಬಿಟ್ಟಳು. ಮಗಳು ಮತ್ತೆ ಒದ್ದಳು. ಹಿಂದಿನಿಂದ ಯಾರೋ ಗಡಿಯಾರ ನೋಡಿ ಕೆಮ್ಮಿದರು. ಅವಳು ಮಗುವನ್ನೆತ್ತಿಕೊಂಡು ಹೊರಬಂದಳು.

ಎರಡು ಗಂಟೆಗೊಮ್ಮೆ ಹಾಲು. ಮೊದಲ ದಿನ ಮಗು ಕುಡಿಯಿತು. ಎರಡನೆಯ ದಿನ ಅರ್ಧ ಕುಡಿದು ಮುಖ ತಿರುಗಿಸಿತು. ಮೂರನೆಯ ದಿನ ಎಬ್ಬಿಸಿ ಕುಡಿಸಿದ್ದನ್ನೆಲ್ಲ ಅವಳ ಹೆಗಲ ಮೇಲೆ ಕಕ್ಕಿತು. ಆಮೇಲೆ ಇವಳು ಮಡಿಲಿಗೆ ಎಳೆದುಕೊಂಡರೆ ಸಾಕು, ಬಾಯಿ ಬಿಗಿದು, ಬೆನ್ನು ಬಿಲ್ಲಾಗಿಸಿ ಕಿರುಚತೊಡಗಿತು. ಯಂತ್ರ ಸರಿಯಿದ್ದರೆ ಹೀಗೆ ಬಲವಂತ ಮಾಡಲೇಬೇಕು. ಯಂತ್ರ ತಪ್ಪಿದ್ದರೆ, ಚೆನ್ನಾಗಿ ಬೆಳೆಯುತ್ತಿದ್ದ ಮಗುವಿಗೆ ತಾನೇ ಹಾಲೆಂದರೆ ಹೆದರಿಕೆ ಹುಟ್ಟಿಸುತ್ತಿದ್ದಾಳೆ. ಯಾವುದು? ಅತ್ತೆ "ಬಿಡೇ ಅದನ್ನ, ಹಸಿದರೆ ತಾನೇ ಕೇಳುತ್ತೆ" ಎಂದಾಗಲೆಲ್ಲ ಬಿಡಬೇಕೆನ್ನಿಸುತ್ತಿತ್ತು. ಬಿಟ್ಟ ಹತ್ತೇ ನಿಮಿಷಕ್ಕೆ ನೂರಿಪ್ಪತ್ತು ಗ್ರಾಂ ನೆನಪಾಗುತ್ತಿತ್ತು.

ಸೋಮವಾರ ಮೇಲಧಿಕಾರಿಗೆ ಫೋನ್ ಮಾಡಿ, ಒಂದೇ ಉಸಿರಿಗೆ ಎಲ್ಲ ಹೇಳಿದಳು. ತಾನೇ ಚೀಟಿ ಕಿತ್ತು ಅಂಟಿಸಿದ್ದು ಎಂದೂ ಹೇಳಿದಳು, ಮರೆತಿದ್ದರೇನೋ ಎಂದು.

"ನಾನೇ ಹೇಳಿದ್ದಲ್ವಾ," ಎಂದರು ಅವರು. ದನಿ ಕುಗ್ಗಿತ್ತು. "ಈಗೇನು ಮಾಡೋದು?"

"ಯಾವುದು ಸರಿ ಯಾವುದು ತಪ್ಪು ಅಂತ ಬೇರೆ ಮಾಡೋಕಾಗಲ್ಲ ಸಾರ್. ಏಳು ಮೂರು ಇರೋ ಎಲ್ಲಾ ಮಗು ಯಂತ್ರಕ್ಕೂ ಏಳು ನಾಲ್ಕು ಹಾಕ್ಬೇಕು. ಎಲ್ಲದಕ್ಕೂ. ತಕ್ಷಣ. ಅಲ್ಲೀವರೆಗೆ ಗುಂಡಿ ಒಂದೇ ಸಲ ಒತ್ತಿ ಅಂತ ಎಲ್ಲಾ ಕೇಂದ್ರಕ್ಕೂ ಹೇಳ್ಬೇಕು."

ಬೈಗುಳಕ್ಕೆ, ವಾದಕ್ಕೆ, ಇದಕ್ಕೆ ಆರು ವಾರ ಬೇಕು ಎಂಬ ಮಾತಿಗೆ ಅವಳು ತಯಾರಾಗಿದ್ದಳು. ಅವರು ಒಪ್ಪಿಕೊಂಡುಬಿಟ್ಟರು. ಆ ದಿನವೇ ಏಳು ಪಾಯಿಂಟ್ ನಾಲ್ಕರ ಚೀಟಿ ಬಿತ್ತು. ಮಂಗಳವಾರ ಬೆಳಿಗ್ಗೆಯಿಂದಲೇ ಮೆಕ್ಯಾನಿಕ್‌ಗಳು ಹೊರಟರು. ವಾರದಲ್ಲಿ ಮೊದಲ ಸಲ ಅವಳು ಕೂತು ಪೂರ್ತಿ ಊಟ ಮಾಡಿದಳು. ಕೈ ತೊಳೆಯುವಾಗ ನೀರಿನ ಬಾಟಲಿಯ ನೆನಪಾಯಿತು. ಒದ್ದೆ ಕೈಯಲ್ಲೇ ಫೋನ್ ಹಿಡಿದಳು.

"ಗ್ರಾಮು, ನಮ್ಮ ಕೇಂದ್ರದ ಯಂತ್ರ ಇದೆಯಲ್ಲ, ಅದಕ್ಕೆ ಹೊಸದು ಹಾಕೋ ಮುಂಚೆ ಬಾಟಲಿ ಇಟ್ಟು ನೋಡೋಕೆ ಹೇಳು. ಎರಡು ಸಲ ಒತ್ತಿ. ಎಷ್ಟು ತೋರಿಸುತ್ತೆ ಅಂತ ಬರ್ಕೊಂಡು ಆಮೇಲೆ ಹಾಕ್ಲಿ."

ಆ ಕಡೆ ಗ್ರಾಮು ಕುರ್ಚಿ ಹಿಂದೆ ಸರಿಸಿದ ಸದ್ದು.

"ಗ್ರಾಮು?"

"ಅಕ್ಕ, ಅದು ಬೆಳಿಗ್ಗೆಯೇ ಆಯ್ತು. ವ್ಯಾನ್ ಎಲ್ಲಿದೆ ಅಂತ ಹುಡುಕ್ಕೊಂಡು ಹೋಗಿ ಮೊದಲನೇದು ಅದನ್ನೇ ಮಾಡಿದ್ರು. ನಿಮ್ಮ ಪುಟ್ಟೀದು ಅಂತ ನಾನೇ ಹೇಳಿ ಮಾಡಿಸ್ದೆ."

"ಹಳೇದು ಎಲ್ಲಾದ್ರೂ ಉಳಿದಿರುತ್ತಾ?"

"ಹೊಸದು ಹಾಕಿದ್ರೆ ಹಳೇದು ಅಳಿಸಿಹೋಗುತ್ತಲ್ಲ ಅಕ್ಕ. ನಿಮಗೇ ಗೊತ್ತು."

ಅವಳಿಗೆ ಗೊತ್ತಿತ್ತು. ಕೋಡ್‌ನಲ್ಲಾದರೆ ಐದು ವರ್ಷದ ಹಿಂದಿನ ಒಂದು ಮಧ್ಯಾಹ್ನಕ್ಕೂ ಹೋಗಿ, ಅವತ್ತು ಏನಿತ್ತೆಂದು ಸಾಲು ಸಾಲಾಗಿ ನೋಡಿ ಬರಬಹುದು. ಹೋದ ಗುರುವಾರ ಆ ತಟ್ಟೆಯ ಮೇಲೆ ಮಲಗಿದ್ದ ಮಗಳ ತೂಕ ಎಷ್ಟಿತ್ತೆಂದು ಇನ್ನು ಯಾರೂ ಎಲ್ಲಿಗೂ ಹೋಗಿ ನೋಡಿ ಬರುವಂತಿರಲಿಲ್ಲ. ಗ್ರಾಮು ಆ ಕಡೆಯಿಂದ ಮತ್ತೆ ಮತ್ತೆ ಸಾರಿ ಅಕ್ಕ, ಸಾರಿ ಅಕ್ಕ ಎನ್ನುತ್ತಿದ್ದ. "ನಿಂದೇನು ತಪ್ಪೋ?" ಎಂದಳು. ಅವನದೇನೂ ತಪ್ಪಿರಲಿಲ್ಲ. ಕೇಳಿದ್ದು ಅವಳೇ. ಎಲ್ಲದಕ್ಕೂ, ತಕ್ಷಣ ಎಂದಿದ್ದಳು.

*

ಗುರುವಾರ ಬೆಂಚಿನಲ್ಲಿ ಅವಳು ಮೊದಲನೆಯವಳು. ಅತ್ತೆಯೂ ಜೊತೆಗೆ ಬಂದಿದ್ದರು, ಆ ಯಂತ್ರದ ಮುಖವನ್ನೊಮ್ಮೆ ನೋಡಬೇಕೆಂದು. ಸಿಸ್ಟರ್ ಯಂತ್ರ ಹಚ್ಚಿದರು. ಏಳು ಪಾಯಿಂಟ್ ನಾಲ್ಕು ಮಿಂಚಿ ಮಾಯವಾಯಿತು. ಮಡಿಚಿದ ಟವೆಲ್. ಟಕ್.

"ಒಂದೇ ಸಲ ಒತ್ಬೇಕಂತೆ, ಮೇಲಿಂದ ಕಾಗದ ಬಂದಿದೆ," ಎಂದು ಸಿಸ್ಟರ್ ಗೊಣಗಿದರು. ಅಭ್ಯಾಸಬಲದಿಂದ ಬೆರಳು ಮತ್ತೊಮ್ಮೆ ಗುಂಡಿಯ ತನಕ ಹೋಗಿ ಹಿಂದೆ ಬಂತು.

ಮಗಳು ಮಲಗಿದಳು. ಅಂಕಿಗಳು ಓಡಿದವು, ನಿಂತವು. ಐದು ಪಾಯಿಂಟ್ ಎಂಟು ನಾಲ್ಕು.

"ನೋಡಿ! ಒಂದೇ ವಾರಕ್ಕೆ ಇನ್ನೂರಿಪ್ಪತ್ತು ಗ್ರಾಂ!" ಸಿಸ್ಟರ್ ಮುಖ ಅರಳಿತು. "ನಾನು ಹೇಳಿದ್ಹಾಗೆ ಕುಡಿಸಿದ್ರಿ ತಾನೇ? ಯಂತ್ರಾನ ಬೈತಿದ್ರಿ."

ಬೆಂಚಿನ ಮೇಲಿದ್ದವರು ಮೆಚ್ಚುಗೆಯಿಂದ ನೋಡಿದರು. ಅತ್ತೆ ಅಜ್ಜಿಯ ಗತ್ತಿನಲ್ಲಿ ಎಲ್ಲರ ಕಡೆಗೂ ತಿರುಗಿ ತಲೆಯಾಡಿಸಿದರು.

ಚೀಟಿ ಅಕ್ಕ ಕಣ್ಣು ಮಿಟುಕಿಸದೆ ಅಂಕಿಯನ್ನೇ ನೋಡುತ್ತಿದ್ದಳು. ಹೋದ ವಾರದ ಯಂತ್ರ ಸರಿಯಿದ್ದಿದ್ದರೆ ಮಗಳು ಇನ್ನೂರಿಪ್ಪತ್ತು ಗ್ರಾಂ ಏರಿದ್ದಾಳೆ. ವಾರವಿಡೀ ಕಕ್ಕಿ, ಮುಖ ತಿರುಗಿಸಿ, ಬಾಯಿ ಬಿಗಿದ ಮಗು. ತಪ್ಪಿದ್ದಿದ್ದರೆ ಹೋದ ಗುರುವಾರವೇ ಐದು ಎಂಟುನೂರ ಎಪ್ಪತ್ತಿದ್ದಳು. ಈ ವಾರ ಮೂವತ್ತು ಗ್ರಾಂ ಇಳಿದಿದ್ದಾಳೆ. ಹಾಗಾದರೆ ಇಳಿಸಿದ್ದು ತಾಯಿಯೇ. ಎರಡರಲ್ಲಿ ಒಂದು. ಮನೆಗೆ ಹೋಗಿ ಎರಡು ಗಂಟೆಗೊಮ್ಮೆ ಎಬ್ಬಿಸಬೇಕೋ, ನಿದ್ದೆ ಮಾಡಲು ಬಿಡಬೇಕೋ?

"ಸಿಸ್ಟರ್, ಇನ್ನೂ ಹಾಗೇ ಕುಡಿಸ್ಲಾ?"

"ಹೂಂ ಮತ್ತೆ! ಫಲ ಸಿಕ್ಕಿದೆಯಲ್ಲ, ಮುಂದುವರಿಸಿ."

"ಹೋದ ವಾರದ ತೂಕವೇ ತಪ್ಪಾಗಿದ್ರೆ?"

ಸಿಸ್ಟರ್ ಪೆನ್ನು ಕೆಳಗಿಟ್ಟರು. ಮೇಲಿಂದ ಬಂದ ಕಾಗದವನ್ನು ಅವರೂ ಓದಿದ್ದರು. ಒಂದು ಗಳಿಗೆ ಕಾರ್ಡಿನ ಮೇಲಿನ ಗೆರೆಯನ್ನು ನೋಡಿದರು: ಚೆನ್ನಾಗಿ ಏರುತ್ತ ಬಂದು, ಹೋದ ವಾರದ ಚುಕ್ಕಿಯ ಹತ್ತಿರ ಮಾತ್ರ ಕಾಲು ಮುರಿದಂತೆ ಏರಲಾಗದೆ ಕೂತ ಗೆರೆ. ಆಮೇಲೆ ದನಿ ತಗ್ಗಿಸಿ, "ನಿಮಗೆ ಅಷ್ಟು ಅನುಮಾನ ಇದ್ರೆ ಅದನ್ನ ತೆಗೆದೇ ಬಿಡೋಣ ಬಿಡಿ. ಬಿಳಿ ಹಚ್ಚಿ ಐದು ಎಂಟುನೂರು ಅಂತ ಬರೆದ್ರೆ ಗೆರೆ ನೇರ ಆಗುತ್ತೆ. ಯಾರು ನೋಡ್ತಾರೆ?" ಎಂದು ಮೇಜಿನ ಖಾನೆಯಿಂದ ಬಿಳಿ ಹಚ್ಚುವ ಸಣ್ಣ ಸೀಸೆ ತೆಗೆದರು.

"ಬರೆಸೇ," ಎಂದರು ಅತ್ತೆ. "ನೋಡೋಕೆ ಚೆನ್ನಾಗಿರುತ್ತೆ."

ಎಷ್ಟು ಸುಲಭ. ಒಂದು ಚುಕ್ಕಿ ಬಿಳಿ, ಅದರ ಮೇಲೊಂದು ಅಂಕಿ, ಅರೆ ನಿಮಿಷದ ಕೆಲಸ. ಆಮೇಲೆ ದಿನಾ ಸಂಜೆ ಕಾರ್ಡು ಬಿಚ್ಚಿ ನೋಡಿದರೂ ಕಣ್ಣು ಆ ಚುಕ್ಕಿಗೆ ಎಡವುವುದಿಲ್ಲ. ಸಿಸ್ಟರ್ ಸೀಸೆಯ ಮುಚ್ಚಳ ತಿರುಗಿಸಿ ತೆರೆದಿದ್ದರು. ಅದರ ವಾಸನೆ ಮೂಗಿಗೆ ಬಡಿಯಿತು.

"ಬೇಡ ಸಿಸ್ಟರ್," ಎಂದಳು. "ಅದು ಹಾಗೇ ಇರಲಿ. ಇವತ್ತಿನದನ್ನ ಪಕ್ಕದಲ್ಲಿ ಬರೀರಿ. ಯಂತ್ರ ರಿಪೇರಿ ಆಗಿದೆ ಅಂತಲೂ ಬರೀರಿ, ತಾರೀಕು ಹಾಕಿ."

"ನಿಮ್ಮಿಷ್ಟ." ಸಿಸ್ಟರ್ ಸೀಸೆ ಮುಚ್ಚಿ, ಪುಟ್ಟ ಅಕ್ಷರದಲ್ಲಿ ಬರೆದು, ಕಾರ್ಡು ಚಾಚಿದರು.

"ಮುಂದಿನ ಗುರುವಾರ ತರ್ಲಾ?"

"ಯಾಕೆ? ತೂಕ ಏರಿದೆಯಲ್ಲ. ವಾರ ವಾರ ನೋಡೋಕೆ ಇಲ್ಲಿ ಜಾಗ ಎಲ್ಲಿದೆ, ನೋಡಿ ಎಷ್ಟು ಜನ. ಇನ್ನು ಮುಂದಿನ ತಿಂಗಳೇ."

ಮುಂದಿನ ತಿಂಗಳು ಎಂದರೆ ಮೂವತ್ತು ದಿನ. ಅವಳು ಮಗುವಿಗೆ ಅಂಗಿ ತೊಡಿಸತೊಡಗಿದಳು. ಗುಂಡಿ ಒಂದು ತೂತು ತಪ್ಪಿ ಬಿತ್ತು. ಬಿಚ್ಚಿ ಮತ್ತೆ ಮೇಲಿನಿಂದ ಹಾಕಿದಳು. ಮಗಳು ಅವಳ ಎದೆಗೆ ಮುಖ ಒತ್ತಿ, ಹುಡುಕಿ, ಥಟ್ಟನೆ ಆ ಕಡೆ ತಿರುಗಿಸಿದಳು. ಹಸಿವೆಯೋ ಬೇಡವೋ ತಿಳಿಯಲಿಲ್ಲ.

"ಏನಂತೆ ಅದಕ್ಕೆ?" ಎಂದರು ಅತ್ತೆ.

"ಗೊತ್ತಾಗ್ತಿಲ್ಲ ಅತ್ತೆ," ಎಂದಳು ಚೀಟಿ ಅಕ್ಕ.

ಹಿಂದೆ ಸಿಸ್ಟರ್ ಮುಂದಿನ ಮಗುವಿಗೆ ಟವೆಲ್ ಹಾಸುತ್ತಿದ್ದರು. ಟಕ್. ಸ್ವಲ್ಪ ತಡೆದು, ಟಕ್.